ನೀರಿಗೆ ನೀರೆಂದೇ ಬರೆದ ತಪ್ಪಿಗೆ

ಪರೀಕ್ಷಾ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನೀರನ್ನು ನೀರು ಎಂದು ಬರೆದದ್ದಕ್ಕೆ ನೀವು ನನ್ನನ್ನು ಫೇಲು ಮಾಡಿದ್ದೀರಿ. ಹತ್ತೊಂಬತ್ತು ವರ್ಷದಿಂದ ಆಸ್ಪತ್ರೆಯ ವಾರ್ಡಿನಲ್ಲಿ ಆಯಾ ಆಗಿರುವ ನಾನು, ಆಪರೇಷನ್ ಥಿಯೇಟರಿನ ಸಹಾಯಕಿಯಾಗಲು ಬರೆದ ಇಂಗ್ಲಿಷ್ ಪರೀಕ್ಷೆ ಅದು. ಕಡಿಮೆ ಬಿದ್ದದ್ದು ಎರಡೇ ಅಂಕ. ವಯಸ್ಸಿನ ಮಿತಿ ಮುಗಿದಿರುವುದರಿಂದ ಇನ್ನೊಮ್ಮೆ ಬರೆಯುವಂತಿಲ್ಲ.

ಈ ಪರೀಕ್ಷೆಗಾಗಿ ಆರು ತಿಂಗಳು ನಮ್ಮ ಮನೆಯಲ್ಲಿ ಯಾರೂ ನೆಟ್ಟಗೆ ಮಾತಾಡಲಿಲ್ಲ. ಕೊಟ್ಟ ವಾಕ್ಯವನ್ನು ಅರ್ಥ ಕೆಡದಂತೆ ಬೇರೆ ಮಾತಿನಲ್ಲಿ ಹೇಳುವ ಅಭ್ಯಾಸ ನಡೆದಿತ್ತು, ಮಗಳೇ ಮೇಷ್ಟ್ರು. "ಅಮ್ಮಾ, ‘ಬಾಗಿಲು ಹಾಕು’ ಅನ್ನೋದನ್ನ ಇಂಗ್ಲಿಷಲ್ಲಿ ಎರಡು ಥರ ಹೇಳು, ಆಮೇಲೆ ಹಾಕು" ಎನ್ನುತ್ತಿದ್ದಳು. ನಾನು ಪದ ಹುಡುಕುವಷ್ಟರಲ್ಲಿ ಬೆಕ್ಕು ಒಳಗೆ ಬಂದು ಹಾಲು ಕುಡಿದಿರುತ್ತಿತ್ತು. ನಮ್ಮವರಂತೂ, "ಹಸಿವು ಅಂದ್ರೆ ಹಸಿವು ಕಣೇ, ಅದಕ್ಕೆ ಇನ್ನೊಂದು ಮಾತಿಲ್ಲ" ಎಂದು ತಟ್ಟೆ ಕುಟ್ಟುತ್ತಿದ್ದರು.

ಪ್ರಶ್ನೆಪತ್ರಿಕೆಯಲ್ಲಿ ಬಂದ ಇಂಗ್ಲಿಷ್ ವಾಕ್ಯದ ಅರ್ಥ: ಆಪರೇಷನ್ನಿಗೆ ಮುಂಚೆ ಪೇಶೆಂಟಿಗೆ ನೀರು ಕೊಡಬೇಡಿ. ನೋಡಿ ಕಣ್ಣು ತುಂಬಿತು; ದಿನಾ ನಾನೇ ಹೇಳುವ ಮಾತು. "ಸರ್ಜರಿಗೆ ಹೋಗುವವರು ನೀರು ಕುಡಿಯಬಾರದು" ಎಂದು ಇಂಗ್ಲಿಷಿನಲ್ಲಿ ಬರೆದೆ. ಮೂಲದ ‘ನೀರು’ ಪದ ಮರುಬಳಸಿದ್ದಕ್ಕೆ ಎರಡಕ್ಕೆ ಸೊನ್ನೆ. ನೀವು ಪ್ರಕಟಿಸಿದ ಮಾದರಿ ಉತ್ತರ ಏನು ಗೊತ್ತೇ? "ಶಸ್ತ್ರಚಿಕಿತ್ಸೆಯ ನಂತರ ರೋಗಿಗೆ ದ್ರವ ಒದಗಿಸಿ."

ಪದಗಳೆಲ್ಲ ಹೊಸತು, ಭೇಷ್! ಅರ್ಥ ಎಲ್ಲಿ ಹೋಯಿತು ಸ್ವಾಮಿ? ಮುಂಚೆ ಕೊಡಬೇಡಿ ಎಂದರೆ ಆದಮೇಲೆ ಕೊಡಿ ಎಂದೇ? ಇದೇ ಲೆಕ್ಕಾಚಾರ ಹಾಕಿದ ಒಬ್ಬ ಅತ್ತೆಯನ್ನು ನಾನು ಕಂಡಿದ್ದೇನೆ. ಸೊಸೆಯನ್ನು ಥಿಯೇಟರಿನಿಂದ ಆಗಷ್ಟೇ ತಂದಿದ್ದರು, ಪೂರ್ತಿ ಎಚ್ಚರವಿರಲಿಲ್ಲ. "ಆಪರೇಷನ್ ಆಯ್ತಲ್ಲ, ಪಾಪ, ಬಾಯಿ ಒಣಗಿದೆ" ಎಂದು ಆಕೆ ಲೋಟ ಬಗ್ಗಿಸಿಯೇಬಿಟ್ಟರು. ನೀರು ಉಸಿರಿನ ದಾರಿ ಹಿಡಿಯಿತು. ಹುಡುಗಿಯ ಮುಖ ನೀಲಿಗಟ್ಟಿತು. ನಾನು ಅವಳನ್ನು ಮಗ್ಗುಲಿಗೆ ಹೊರಳಿಸಿ ಸಿಸ್ಟರನ್ನು ಕೂಗಿದೆ. ಅವಳು ಬದುಕಿದಳು. ಆ ಅತ್ತೆ ನನ್ನ ಕೈ ಹಿಡಿದು ಅತ್ತರು. ಅವರಿಗೆ ತಿಳಿದಿರಲಿಲ್ಲ, ಅದಕ್ಕೆ ಕ್ಷಮೆಯಿದೆ. ಕೆಂಪು ಶಾಯಿ ಹಿಡಿದು ಕೂತ ನಿಮಗೆ?

ಅರ್ಜಿ ಹಿಡಿದು ಎರಡು ಸಲ ನಿಮ್ಮ ಕಚೇರಿಗೆ ಅಲೆದೆ. ಕಿಟಕಿಯ ಗುಮಾಸ್ತರು ತಲೆಯೆತ್ತದೆ, "ಕೀ ಉತ್ತರದಲ್ಲಿ ಇರೋದೇ ಸರಿ ಕಣಮ್ಮ" ಎಂದರು. ಆಮೇಲೆ ಬಂದ ನಿಮ್ಮ ಪತ್ರದಲ್ಲಿ ಒಂದೇ ಸಾಲು: "ತಮ್ಮ ಮನವಿಯು ಪರಿಶೀಲನೆಯಲ್ಲಿದೆ." ಅಭ್ಯಾಸಬಲ ನೋಡಿ, ತಕ್ಷಣ ಬೇರೆ ಮಾತಿನಲ್ಲಿ ಹೇಳಿಕೊಂಡೆ: ನಿನ್ನ ಅರ್ಜಿಯನ್ನು ಯಾರೂ ಓದಿಲ್ಲ. ಒಂದು ಪದವೂ ಮರುಕಳಿಸಿಲ್ಲ, ಅರ್ಥವೂ ಕೆಟ್ಟಿಲ್ಲ. ಇದಕ್ಕಾದರೂ ಎರಡು ಅಂಕ ಕೊಡಬಹುದಲ್ಲವೇ?

ಆ ಮಾದರಿ ಉತ್ತರವನ್ನು ಹೊಡೆದುಹಾಕಿ. ನನ್ನ ಉತ್ತರವನ್ನು ವಾರ್ಡ್ ಕಂಡ ಯಾರಿಂದಲಾದರೂ ಓದಿಸಿ, ನನ್ನ ಅಂಕ ನನಗೆ ಕೊಡಿ. ಕರುಣೆ ಬೇಡ.

ಇಂತಿ,
ಅನುತ್ತೀರ್ಣ ಅಭ್ಯರ್ಥಿ;
ಬೇರೆ ಮಾತಿನಲ್ಲಿ ಹೇಳುವುದಾದರೆ, ನಾಳೆ ನಿಮಗೇ ಆಪರೇಷನ್ನಾದರೆ, ನಿಮ್ಮದೇ ಮಾದರಿ ಉತ್ತರ ಓದಿ ಲೋಟ ಹಿಡಿದು ಬಂದವರ ಕೈಯನ್ನು ತಡೆಯುವವಳು