ಗೋಡೆಯಾದ ನೇರಳೆಪಾದೆ

ಫೆಬ್ರವರಿ 30, ಇಸವಿ 2231
ವೆಸ್ಟರ್‌ಹೋಮ್, ಡೆನ್ಮಾರ್ಕಿನ ಪಶ್ಚಿಮ ಕಡಲತೀರ

ನೇರಳೆಪಾದೆಯ ತಪ್ಪಲಿನಲ್ಲಿ ಈಗ ಬದುಕಿರುವ ನನ್ನ ಹಿರಿಯರಿಗೆ,

ನಿಮ್ಮ ಎಂಟನೆಯ ತಲೆಮಾರಿನ ದೇಯಿಯ ನಮಸ್ಕಾರ. ನಿಮ್ಮ ಫೆಬ್ರವರಿಗೆ ಮೂವತ್ತನೆಯ ದಿನವಿಲ್ಲ, ನಮ್ಮದಕ್ಕಿದೆ. ತಾರೀಕು ನೋಡಿಯೇ ಕಾಗದ ಹರಿದು ಹಾಕಬೇಡಿ. ನಿಮಗೆ ಗೊತ್ತಿಲ್ಲದ ಮಾತು ಬಂದರೆ ಮನ್ನಿಸಿ, ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ. ಅಕ್ಷರ ಸೊಟ್ಟಗಿದ್ದರೆ ಅದಕ್ಕೆ ಇಲ್ಲಿಯ ಚಳಿ ಕಾರಣವಲ್ಲ, ನನ್ನ ಅವಸರ.

ಮಗಳನ್ನು ಕರೆದುಕೊಂಡು ನಾನು ಇಲ್ಲಿಗೆ ಬಂದು ಐದು ತಿಂಗಳಾಯಿತು. ನಮ್ಮದು ಉಪ್ಪುವಲಸೆ, ಅಂದರೆ ಬಾವಿಗಳಿಗೆ ಕಡಲು ನುಗ್ಗಿದ ಮೇಲೆ ಊರಿಗೆ ಊರೇ ಎದ್ದು ಹೊರಡುವುದು. ಈ ಊರಿನ ನೆಲ ಕಡಲಿಗಿಂತ ಎರಡಾಳು ತಗ್ಗು. ಹನ್ನೊಂದು ಮೈಲಿ ಉದ್ದದ ಕಲ್ಲಿನ ತಡೆಗೋಡೆಯೊಂದು ಇದನ್ನು ಕಾಯುತ್ತಿದೆ. ಹೊಸಬರಿಗೆ ಇಲ್ಲಿ ಮನೆಗಿಂತ ಮೊದಲು ಸಿಗುವುದು ಗೋಡೆಪಾಲು: ಪ್ರತಿ ಕುಟುಂಬಕ್ಕೂ ಗೋಡೆಯ ನಾಲ್ಕು ಮಾರು. ವಾರಕ್ಕೊಮ್ಮೆ ಇಳಿತದ ಹೊತ್ತಿನಲ್ಲಿ ಪಾಚಿ ಕೆರೆದು, ಅಂಟಿದ ಚಿಪ್ಪು ಕಿತ್ತು, ಬಿರುಕು ಬಿಟ್ಟಿದೆಯೇ ಎಂದು ತಡವಿ ನೋಡಬೇಕು.

ಪಕ್ಕದ ಪಾಲಿನ ಇಂಗರಮ್ಮನಿಗೆ ಎಪ್ಪತ್ತು ದಾಟಿದೆ. ಕಡಲತೀರವನ್ನೆಲ್ಲ ನನಗೆ ತೋರಿಸಿದವರು ಅವರೇ. ಸೊಂಟದವರೆಗೆ ನೀರಿನಲ್ಲಿ ನಿಂತ ಹಳೆಯ ದೀಪಸ್ತಂಭ, ಮರಳಿನಲ್ಲಿ ಅರ್ಧ ಹೂತುಹೋದ ಚರ್ಚು, ಯಾವುದೋ ಯುದ್ಧಕಾಲದ ಕಾಂಕ್ರೀಟು ಕೋಣೆಗಳು, ಅವುಗಳೊಳಗೆ ಈಗ ಅಣಬೆ ಕೃಷಿ. ನಾನು ಕಿವಿಗೊಂಬೆ ಹಾಕಿಕೊಂಡು, ಮದುವೆಮನೆಗೆ ಬಂದ ಹೊಸ ನೆಂಟರ ಹಾಗೆ ಎಲ್ಲದಕ್ಕೂ ತಲೆಯಾಡಿಸುತ್ತಿದ್ದೆ. ಕಿವಿಗೊಂಬೆ ಎಂದರೆ ಪರಭಾಷೆಯನ್ನು ಕನ್ನಡ ಮಾಡಿ ಹೇಳುವ ಸಣ್ಣ ಮಣಿ. ಯಾವ ಪುಣ್ಯಾತ್ಮ ಮಾಡಿದನೋ, ಅದು ಆಡುವುದು ಧಾರವಾಡದ ಕಡೆಯ ಕನ್ನಡ.

ಹೋದ ವಾರ ನನ್ನ ಪಾಲಿನ ಕೆಳಗಿನ ಸಾಲಿನಲ್ಲಿ ಪಾಚಿ ಕೆರೆಯುತ್ತಿದ್ದಾಗ ಬೆರಳಿಗೆ ಗುಳಿ ಸಿಕ್ಕಿತು. ಪಕ್ಕದಲ್ಲಿ ಇನ್ನೊಂದು. ಕೆರೆಯುತ್ತಾ ಹೋದೆ. ಏಳೇಳರ ಎರಡು ಸಾಲು, ಒಟ್ಟು ಹದಿನಾಲ್ಕು. ಚೆನ್ನೆಮಣೆ! ಅಜ್ಜಿಯ ಜೊತೆ ಕಾಯಿ ಹಂಚಿ ಆಡಿದ ಅದೇ ಚೆನ್ನೆಮಣೆ, ಬಂಡೆಯಲ್ಲೇ ಕೊರೆದದ್ದು. ಕಲ್ಲು ಕೀಳುವಾಗ ಯಂತ್ರ ಮಾಡಿದ ಗುರುತು ಎಂದು ಇಂಗರಮ್ಮ ವಿವರಿಸಿದರು. ಯಂತ್ರದ ಗುಳಿ ಅಷ್ಟು ನುಣ್ಣಗಿರುವುದಿಲ್ಲ. ಅದು ಬೆರಳುಗಳು ವರ್ಷಗಟ್ಟಲೆ ತಿಕ್ಕಿದ ನುಣುಪು. ಅಜ್ಜಿ ಕಲಿಸಿದ ಹಾಗೆ ಬೆರಳನ್ನು ಗುಳಿಯಿಂದ ಗುಳಿಗೆ ಸಾಗಿಸಿ ನೋಡಿದೆ.

ಮರುದಿನ ಇಬ್ಬರೂ ಗೋಡೆಯ ಮ್ಯೂಸಿಯಮ್ಮಿಗೆ ಹೋದೆವು. ಕಲ್ಲು ಬಂದ ಜಾಗದ ಕಡತದಲ್ಲಿ ಹೆಸರಿತ್ತು: ನೇರಳೆಪಾದೆ. ಪಾದೆ ಎಂದರೆ ಬಂಡೆಗುಡ್ಡ ಎಂದು ನಿಮಗೆ ಯಾರೂ ಹೇಳಬೇಕಿಲ್ಲ. ನನಗೆ ಯಾರೂ ಹೇಳಿರಲಿಲ್ಲ. ನನ್ನ ಕಾಲದ ನೇರಳೆಪಾದೆ ಒಂದು ಚೌಕ ಕೆರೆ. ನಾನು ಈಜು ಕಲಿತದ್ದು ಅದರಲ್ಲೇ. ಕೆರೆಗೇಕೆ ಪಾದೆ ಎಂಬ ಹೆಸರು ಎಂದು ಒಮ್ಮೆಯೂ ಕೇಳಲಿಲ್ಲ, ಬೆಪ್ಪಿ ನಾನು. ಕಲ್ಲು ಕಿತ್ತ ಹೊಂಡವೇ ಆ ಕೆರೆ. ಗುಡ್ಡ ಹೋಯಿತು, ಮಳೆನೀರು ನಿಲ್ಲದೆ ಕಡಲಿಗೆ ಹರಿಯಿತು, ಕಡಲು ಬಾವಿಗೆ ಬಂತು. ನಮ್ಮದೇ ಗುಡ್ಡದ ಮರೆಗೆ ನಾವೇ ನಿರಾಶ್ರಿತರಾಗಿ ಬಂದಿದ್ದೇವೆ.

ಅದರ ಕೆಳಗಿನ ಹಾಳೆ ಓದಿ ನಾನು ಚೀರಿಕೊಂಡೆ. ಕಲ್ಲಿನ ಕಂಪನಿಯವರು ಬರೆದದ್ದು: "ಮೂರು ದಿನ ಸ್ಥಳದಲ್ಲೇ ಇದ್ದೆವು. ಒಬ್ಬ ಮನುಷ್ಯನೂ ಕಾಣಲಿಲ್ಲ. ಗುಡ್ಡ ಯಾರ ಬಳಕೆಯಲ್ಲೂ ಇಲ್ಲ." ತಾರೀಕು ನೋಡಿದೆ. ಅವು ಕೆಡ್ಡಸದ ಮೂರು ದಿನಗಳು. ಆ ದಿನಗಳಲ್ಲಿ ನನ್ನಜ್ಜಿ ನನ್ನನ್ನು ಕೆರೆಯ ಕಡೆಗೂ ಬಿಡುತ್ತಿರಲಿಲ್ಲ: "ಕೆಡ್ಡಸಕ್ಕೆ ಭೂಮಿತಾಯಿ ಮುಟ್ಟಾಗಿರ್ತಾಳೆ ಮಗಾ, ಪಾದೆಗೆ ಕಾಲಿಡ್ಲಿಕ್ಕಿಲ್ಲ. ಅವಳನ್ನು ಮಲಗ್ಲಿಕ್ಕೆ ಬಿಡ್ಬೇಕು." ನೀವು ಮರ್ಯಾದೆ ಕೊಟ್ಟು ಮನೆಯಲ್ಲಿ ಕುಳಿತಿರಿ. ಅವರು ಅದನ್ನು ಪಾಳುಗುಡ್ಡ ಎಂದು ಬರೆದುಕೊಂಡು ಹೋದರು.

ಅದು ನಿಮಗೆ ಬರಲಿರುವ ಕೆಡ್ಡಸ. ಅದಕ್ಕೇ ಬರೆಯುತ್ತಿದ್ದೇನೆ. ಈ ಒಂದು ವರ್ಷ ಕಟ್ಟಳೆ ಮುರಿಯಿರಿ. ಮೂರೂ ದಿನ ಮಕ್ಕಳುಮರಿ ಕಟ್ಟಿಕೊಂಡು ಪಾದೆ ಹತ್ತಿ. ಅಗೆಯುವುದು ಬೇಡ, ಒಂದು ಕಡ್ಡಿ ಮುರಿಯುವುದೂ ಬೇಡ. ಬುತ್ತಿ ಬಿಚ್ಚಿ, ಜಗಳವಾಡಿ, ಜೋರಾಗಿ ನಗಿ, ಬಂದವರ ಕಣ್ಣಿಗೆ ಬೀಳಿ.

ಪಾದೆ ಉಳಿದರೆ ಈ ಗೋಡೆ ಇಲ್ಲ. ಗೋಡೆಯ ಹಿಂದಿನ ಮೊದಲ ಮನೆ ಇಂಗರಮ್ಮನದು. ಅವರಿಗೆ ಹೇಳದೆ ಬರೆಯಲು ಮನಸ್ಸು ಒಪ್ಪಲಿಲ್ಲ, ಹೇಳಿದೆ. ಅವರು ಗೋಡೆಯ ಕಲ್ಲಿನ ಮೇಲೆ ಕೈಯಿಟ್ಟು ಮಾತಾಡಿದರು. ಕಿವಿಗೊಂಬೆ ನುಡಿಯಿತು: "ಬರಿ ಯವ್ವಾ. ನಮ್ಮ ಹಿರ್ಯಾರು ಬ್ಯಾರೆ ದಾರಿ ಹುಡುಕ್ಲಿ. ಮಂದಿ ಗುಡ್ಡಾ ಕಿತ್ತುಕೊಂಡು ನಾ ಬೆಚ್ಚಗಿರೂದು ಬ್ಯಾಡ." ಅವರ ಕಣ್ಣಲ್ಲಿ ನೀರಿತ್ತು, ನನಗೂ ತಡೆಯಲಾಗಲಿಲ್ಲ.

ಅವರೇ ಒಪ್ಪಿದ ಮೇಲೆ ನೀವು ಹಿಂಜರಿಯಬೇಡಿ. ಭೂಮಿತಾಯಿ ಮುನಿದರೆ ನನ್ನ ಹೆಸರು ಹೇಳಿ. ಮಲಗಿದ್ದವಳನ್ನು ಎಬ್ಬಿಸಿದ ಪಾಪ ನನಗಿರಲಿ.

ಇನ್ನೂ ಹುಟ್ಟದ ನಿಮ್ಮ ಮಗಳು,
ದೇಯಿ