ಹೊಲಿಗೆ ಟೇಬಲ್ ಮೇಲಿನ ಜಾಡಿ

ಜನವರಿ 8
ಮತ್ತೆ ಅದೇ ಮೀಟಿಂಗ್. ಬಂದರಿನಿಂದ ಎತ್ತಿದ ಹೂಳು ಸುರಿಯುವ ಕೊಳ, ಅದರ ಒಡ್ಡು ಎಷ್ಟೆತ್ತರ ಇರಬೇಕು? ಹೂಳು ನೀರು ಕುಡಿದು ಒಂದೂವರೆ ಪಟ್ಟು ಉಬ್ಬುತ್ತದೆ, ಐದು ಮೀಟರ್ ಬೇಕು ಎಂದೆ. "ಒಂದೂಕಾಲು ಪಟ್ಟು ಸಾಕು ಕಣಮ್ಮ, ನಾಲ್ಕು ಮೀಟರಿಗೆ ಮುಗ್ಸು," ಎಂದರು ಸಾಹೇಬರು. ಲ್ಯಾಬ್ ಪರೀಕ್ಷೆಗೆ ಟೈಮಿಲ್ಲವಂತೆ. ಒಡ್ಡಿನ ಕೆಳಗೇ ಅಕ್ಕನ ಮನೆ. ಮೈಯೆಲ್ಲ ಉರಿಯಿತು. ಒಂದು ಡಬ್ಬಿ ಹೂಳು ಮನೆಗೇ ತಂದೆ.

ಜನವರಿ 9
ಒಂದು ಲೋಟ ಹೂಳು ನೀರಿನಲ್ಲಿ ಕಲಸಿ ಗಾಜಿನ ಜಾಡಿಗೆ ಸುರಿದೆ. ಜಾಗ ಇದ್ದದ್ದು ಅಮ್ಮನ ಹೊಲಿಗೆ ಟೇಬಲ್ ಮೇಲೆ ಮಾತ್ರ. "ಥೂ, ಏನೇ ಇದು ಗಬ್ಬುನಾತ! ಗಿರಾಕಿಗಳು ಬರೋ ಜಾಗ." ಹದಿನೈದು ದಿನ ತಡ್ಕೋ ಎಂದೆ.

ಜನವರಿ 24
ಕೂತೇಬಿಟ್ಟಿದೆ. ಒಂದೂಕಾಲು ಲೋಟದಷ್ಟೇ! ಸಾಹೇಬರ ಮುಖ ಊರಗಲ. ನಾಲ್ಕು ಮೀಟರಿನ ಒಡ್ಡಿಗೆ ಸಹಿ ಹಾಕಿದೆ.
ಅಕ್ಕನ ಫೋನ್. "ನಿಮ್ಮ ಭಾವ ಬೇರೆ ಮನೆ ನೋಡಿದಾರೆ ಕಣೇ. ಹೋಗೋದಾ, ಬೇಡ್ವಾ?"
"ನಾನೇ ಪರೀಕ್ಷೆ ಮಾಡಿದೀನಿ. ಆರಾಮಾಗಿರು."
"ನೀನು ಹೇಳಿದ್ರೆ ಮುಗೀತು ಬಿಡು."

ಜೂನ್ 3
ಒಡ್ಡು ಕಟ್ಟಿ, ಪಂಪಿನಲ್ಲಿ ಹೂಳು ತುಂಬಿಸಲು ಶುರುಮಾಡಿ ತಿಂಗಳಾಯಿತು. ಕೊಳದಲ್ಲಿ ಹೂಳು ಕೂರುತ್ತಿಲ್ಲ. ಒಡ್ಡಿನ ಅಂಚಿಗೆ ಎರಡೇ ಗೇಣು. ಯಾಕೆ?

ಜೂನ್ 5, ಬೆಳಗ್ಗೆ 11
ಜ್ವರ. ರಜೆ. ಅಮ್ಮ ಹೊಲಿಯುತ್ತಿದ್ದಳು, ಟೇಬಲ್ ಗಡಗಡ. ಮೇಲಿಟ್ಟಿದ್ದ ನನ್ನ ಲೋಟದ ನೀರು ನಡುಗುತ್ತಿತ್ತು... ನೋಡುತ್ತಲೇ ಇದ್ದೆ.
"ಅಮ್ಮಾ, ಜನವರೀಲೂ ಹೀಗೇ ಹೊಲೀತಿದ್ಯಾ?"
"ಇನ್ನೇನು? ನೀನು ಆಫೀಸಿಗೆ ಹೋದಾಗಿಂದ ಬರೋವರೆಗೂ. ನಿನ್ನ ಜಾಡಿ ಕುಣೀತಾ ಇತ್ತು ಪಾಪ."
ಹದಿನೈದು ದಿನ ಅಲುಗಿಸಿ ಅಲುಗಿಸಿ ಕೂರಿಸಿದ ಕೆಸರು. ಕೊಳವನ್ನು ಯಾರು ಅಲುಗಿಸುತ್ತಾರೆ? ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಇನ್ನೊಂದು ಜಾಡಿ ಇಡಬೇಕು, ಕಪಾಟಿನಲ್ಲಿ. ಖಚಿತವಾಗಲಿ. ಅಲ್ಲಿಯವರೆಗೆ ಅಕ್ಕನಿಗೆ ಹೇಳುವುದು ಬೇಡ.

ಜೂನ್ 21
ಎರಡನೇ ಜಾಡಿ: ಒಂದೂವರೆಗಿಂತ ಮೇಲೆ. ಸಾಹೇಬರಿಗೆ ತೋರಿಸಿದೆ. ಫೈಲಿನಿಂದ ತಲೆ ಎತ್ತಲಿಲ್ಲ. "ಪರೀಕ್ಷೆ ನಿಂದು, ಸಹಿ ನಿಂದು." ಪಂಪ್ ನಿಲ್ಲಿಸುವುದಿಲ್ಲವಂತೆ. ಅಂಚಿಗೆ ಒಂದು ಗೇಣೂ ಇಲ್ಲ.

ಜೂನ್ 22, ಬೆಳಗ್ಗೆ 7
ಅಕ್ಕನಿಗೆ ಫೋನ್ ಮಾಡಿದೆ. ನಾನು ಬಾಯಿ ಬಿಡುವ ಮೊದಲೇ ಅವಳು — "ಅಡುಗೆಮನೆ ದೊಡ್ಡದು ಮಾಡಿಸ್ತಾ ಇದೀವಿ ಕಣೇ, ನಿನ್ನ ಧೈರ್ಯದ ಮೇಲೆ! ಮೇಸ್ತ್ರಿ ಬಂದಿದಾರೆ."
ಎಲ್ಲ ಹೇಳಿದೆ. ಜಾಡಿ, ಮಷೀನು, ಒಡ್ಡು. ಇವತ್ತೇ ಮನೆ ಬಿಡಿ ಎಂದೆ.
ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.
"ನಿಂಗೆ ಯಾವತ್ತು ಗೊತ್ತಾಯ್ತು?" ಎಂದಳು.
ಹದಿನೇಳು ದಿನದ ಹಿಂದೆ ಎಂದು ಯಾವ ಬಾಯಲ್ಲಿ ಹೇಳಲಿ?