ಬೆನ್ನ ಮೇಲೆ ತಟ್ಟಿದ ಓಶಿಕಿ

ನಾರಾ
ಫೆಬ್ರವರಿ ೧೧

ಮುದ್ದು ಚಿಗುಸಾ,

ಹೇಗಿದ್ದೀಯೆ? ಸಪ್ಪೊರೊದ ಹಿಮ ಎತ್ತಿಹಾಕಿ ನಿನ್ನ ಗಂಡ ತೋರುವಿನ ಸೊಂಟ ಹಿಡಿದಿತ್ತಲ್ಲ, ಈಗ ವಾಸಿಯೇ? ಪುಟ್ಟ ಮಿಚಿಗೆ ಹಲ್ಲು ಬಂತೇ? ನನ್ನ ಮಂಡಿ ಎಂದಿನಂತೆ ಗೊಣಗುತ್ತಿದೆ. ನಿನ್ನ ಅಜ್ಜ ಗಟ್ಟಿಯಾಗಿದ್ದಾರೆ, ಕಿವಿಯೊಂದು ಬಿಟ್ಟು.

ನೀನು ಮೊದಲ ಸಲ ಓಬೊ ವಾದ್ಯ ತಂದು, ನಿಮ್ಮ ವಾದ್ಯವೃಂದ ಶ್ರುತಿ ಹಿಡಿಯುವ 'ಲಾ' ಸ್ವರ ಊದಿದ್ದು ನೆನಪಿದೆಯೇ? ಅಜ್ಜ ತಮ್ಮ ಬಿದಿರುಕೊಳವೆಗಳ ಶೋ ವಾದ್ಯ ಎತ್ತಿಕೊಂಡು, ಅದೇ ಜಾಗದಲ್ಲಿ ಕೂರುವ ಓಶಿಕಿ ಸ್ವರವನ್ನು ಊದಿ ನಕ್ಕಿದ್ದರು. "ನಿನ್ನ ಲಾ ಅವಸರದ ಹುಡುಗಿ ಕಣೇ, ಸೆಕೆಂಡಿಗೆ ನಾನೂರ ನಲವತ್ತೆರಡು ಸಲ ನಡುಗ್ತಾಳೆ. ನಮ್ಮ ಓಶಿಕಿ ಅಜ್ಜಿಗೆ ನಾನೂರ ಮೂವತ್ತೇ ಸಾಕು!"

ದೇಗುಲದ ವಸಂತಪೂಜೆ ಹತ್ತಿರ ಬಂತು. ಅಜ್ಜ ಕೆಂಡದ ಮುಂದೆ ಕೂತು ಶೋ ಬೆಚ್ಚಗೆ ಮಾಡಿಕೊಂಡು ಒಂದೊಂದೇ ಬಿದಿರ ಕೊಳವೆಯ ಶ್ರುತಿ ಕೂಡಿಸುತ್ತಿದ್ದಾರೆ. ಒಳಗಿನ ಕಂಚಿನ ನಾಲಿಗೆಗೆ ಮೇಣ ಹಚ್ಚಿದರೆ ಸ್ವರ ಇಳಿಯುತ್ತದೆ, ಕೆರೆದರೆ ಏರುತ್ತದೆ. ಕೆಳಗಿನ ಓಶಿಕಿಯನ್ನೂ ಅದರ ಎರಡು ಪಟ್ಟು ವೇಗದ ಮೇಲಿನ ಓಶಿಕಿಯನ್ನೂ ಒಟ್ಟಿಗೆ ಊದಿದಾಗ, ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ನಾದ ಅಲೆಅಲೆಯಾಗಿ ಮಿಡಿಯುತ್ತದೆ. ಹತ್ತಿರವಾದಷ್ಟೂ ಮಿಡಿತ ನಿಧಾನ. ಕೂಡಿತೆಂದರೆ ನಿಂತೇ ಹೋಗುತ್ತದೆ.

ಆ ಮಿಡಿತ ಅಜ್ಜನಿಗೆ ಕೇಳಿಸದೆ ಕೆಲವು ವರ್ಷಗಳಾದವು. ನಾನು ಹಿಂದೆ ಕೂತು, ಪ್ರತಿ ಮಿಡಿತಕ್ಕೂ ಅವರ ಬೆನ್ನು ತಟ್ಟುತ್ತೇನೆ. ನನ್ನ ಕೈ ಸ್ತಬ್ಧವಾದರೆ ಸ್ವರ ಕೂಡಿದಂತೆ. "ಇಷ್ಟು ವರ್ಷ ಜಗಳ ಆಡಿದ್ದಕ್ಕೆ ಈಗ ಬೆನ್ನಿಗೆ ಬಡಿಯೋ ಹಕ್ಕು ಸಿಕ್ತು ನೋಡು ನಿಂಗೆ" ಅನ್ನುತ್ತಾರೆ. ದೇಗುಲದ ಮೇಳದ ಯಾರಿಗೂ ಇದು ಗೊತ್ತಿಲ್ಲ. ಅವರೆಲ್ಲ ಅಜ್ಜನ ಶೋ ಕೇಳಿಯೇ ತಮ್ಮ ವಾದ್ಯ ಹೊಂದಿಸಿಕೊಳ್ಳುವುದು. ಇದು ತಪ್ಪಿದರೆ ದೇವರ ಮುಂದೆ ಎಲ್ಲರೂ ತಪ್ಪಿದಂತೆ. ಹಾಗಾಗುವುದಕ್ಕಿಂತ ಶೋ ಮುಚ್ಚಿಟ್ಟುಬಿಡುತ್ತೇನೆ ಎಂಬುದು ಅವರ ಹಟ.

ಒಣಗಿಸಿದ ಕಾಕಿ ಹಣ್ಣು ಕಳಿಸಿದ್ದೇನೆ, ತೋರು ಒಬ್ಬನೇ ಮುಗಿಸದಂತೆ ನೋಡಿಕೊ. ಮಿಚಿಯ ಕೆನ್ನೆಗೆ ನನ್ನದೊಂದು ಮುತ್ತು. ನಿಮ್ಮ ಮೂವರ ಮನೆ ಬೆಚ್ಚಗಿರಲಿ.

ನಿನ್ನ ಅಜ್ಜಿ
ಹಿಸಾನೊ

ಅಂಚೆಯವನು ಬರುವ ಹೊತ್ತಾಯಿತು, ಇದೊಂದು ಮಾತು. ನಿನ್ನೆ ಅಜ್ಜ ಎಷ್ಟು ಮೇಣ ಹಚ್ಚಿದರೂ, ಎಷ್ಟು ಕೆರೆದರೂ ನನ್ನ ಕೈ ನಿಲ್ಲಲೇ ಇಲ್ಲ. ಕೊನೆಗೆ ಅವರು ಊದುವುದನ್ನೇ ನಿಲ್ಲಿಸಿದರು. ಆಗಲೂ ನಾನು ತಟ್ಟುತ್ತಿದ್ದೆ. ತಿರುಗಿ ನನ್ನ ಕೈ ಹಿಡಿದುಕೊಂಡು, "ಹಿಸಾನೊ, ಇದು ಕೊಳವೇದಲ್ಲ ಕಣೇ, ನಿನ್ನ ಎದೆ ಬಡಿತ" ಅಂದರು. ನನಗೂ ಕೇಳಿಸುತ್ತಿಲ್ಲ, ಮಗಳೇ. ಶ್ರುತಿ ಅಳೆಯುವ ಯಂತ್ರ ತರಿಸೋಣವೆಂದರೆ "ಅದಕ್ಕೆ ಬೆನ್ನು ತಟ್ಟೋಕೆ ಬರುತ್ತಾ?" ಎಂದು ಕೇಳುತ್ತಾರೆ. ಪೂಜೆ ಮಾರ್ಚ್ ನಡುವಿಗೆ. ಅಷ್ಟರೊಳಗೆ ನಿನ್ನ ಕಿವಿಯನ್ನೂ ಕೈಯನ್ನೂ ತಂದು ಅವರ ಹಿಂದೆ ಕೂರುತ್ತೀಯಾ? ಬೇಗ ಬರೆ.